ಹೊರನಾಡಿನ ಕನ್ನಡ ತರಗತಿ ಮತ್ತು ಮಹಿಳೆ: ಸಂಖ್ಯೆಯಾಚೆಯ ಸಮಾನತೆ

1

ಉನ್ನತ ಶಿಕ್ಷಣದಲ್ಲಿ ಸ್ತ್ರೀಪುರುಷ ಸಮಾನತೆ ಮತ್ತು ವಿದ್ಯಾರ್ಥಿಗಳ ಕೊರತೆ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಚರ್ಚಿಸುವುದು ರೂಢಿ. ಮೊದಲನೆಯದು ಸ್ತ್ರೀ ಅಧ್ಯಯನ ಕೇಂದ್ರಗಳ ವಿಚಾರ ಸಂಕಿರಣಗಳಿಗೆ ಸೇರಿದ್ದು, ಎರಡನೆಯದು ವರ್ಷಕ್ಕೊಮ್ಮೆ ಪ್ರವೇಶದ ಹೊತ್ತಿಗೆ ಅಧ್ಯಾಪಕರನ್ನು ಕಾಡುವ ಆಡಳಿತದ ಚಿಂತೆ ಎಂಬ ಭಾವನೆ ಬೆಳೆದುಬಂದಿದೆ. ಹೊರನಾಡಿನ ಕನ್ನಡ ವಿಭಾಗಗಳ ಮಟ್ಟಿಗೆ ಈ ವಿಂಗಡಣೆ ಸಲ್ಲದು. ಮುಂಬಯಿ, ಮದ್ರಾಸು, ಉಸ್ಮಾನಿಯಾ ಮೊದಲಾದ ವಿಶ್ವವಿದ್ಯಾಲಯಗಳು ಕರ್ನಾಟಕದ ಗಡಿಯಾಚೆ ಕನ್ನಡದ ಉನ್ನತ ಅಧ್ಯಯನಕ್ಕೆ ನೆಲೆಯೊದಗಿಸಿದವು. ಅಂಥ ಕಡೆ ಬಂದ ಅರ್ಜಿಗಳು ಎಷ್ಟು ಎಂದು ಎಣಿಸುವುದರ ಜೊತೆಗೆ, ಅರ್ಜಿ ಹಾಕಿದವರು ಯಾರು, ಹಾಕದೆ ಉಳಿದವರು ಯಾರು ಎಂದು ಕೇಳತೊಡಗಿದರೆ ಎರಡು ಪ್ರಶ್ನೆಗಳೂ ಒಂದೇ ಆಗುತ್ತವೆ.

ಹೊರನಾಡಿನ ಕನ್ನಡ ಸ್ನಾತಕೋತ್ತರ ತರಗತಿಯಲ್ಲಿ ಇಂದು ಸಾಮಾನ್ಯವಾಗಿ ಕಾಣುವ ವಿದ್ಯಾರ್ಥಿ ಇಪ್ಪತ್ತೆರಡರ ತರುಣನಲ್ಲ. ಮದುವೆಯಾಗಿ ಊರು ಬಿಟ್ಟು ಬಂದು, ಮಕ್ಕಳು ಕಾಲೇಜು ಸೇರಿದ ಮೇಲೆ ಅರ್ಧಕ್ಕೆ ನಿಂತ ಓದನ್ನು ಮುಂದುವರಿಸಲು ಬಂದ ಗೃಹಿಣಿ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡುತ್ತಲೇ ಉನ್ನತ ಪದವಿಗೆ ಹೆಸರು ನೋಂದಾಯಿಸಿದ ಶಿಕ್ಷಕಿ. ಬ್ಯಾಂಕಿನಿಂದಲೋ ಅಂಚೆ ಕಚೇರಿಯಿಂದಲೋ ನಿವೃತ್ತಿಯ ಅಂಚಿನಲ್ಲಿರುವ ಉದ್ಯೋಗಸ್ಥೆ. ಇವರು ಬಂದುದರಿಂದ ತರಗತಿಗಳು ಉಳಿದಿವೆ. ಆದರೆ ಈ ಉಪಕಾರವನ್ನು ವಿಭಾಗಗಳು ಎರಡು ರೀತಿಯಲ್ಲಿ ತಪ್ಪಾಗಿ ಓದಿಕೊಳ್ಳುವ ಸಾಧ್ಯತೆಯಿದೆ. ಮಹಿಳೆಯರ ಸಂಖ್ಯೆ ಹೆಚ್ಚಿದ್ದರಿಂದ ಸಮಾನತೆ ಸಿದ್ಧಿಸಿತು ಎಂದು ತೃಪ್ತಿಪಡುವುದು ಒಂದು ರೀತಿ. ಇವರ ಓದು ಬಿಡುವಿನ ಹವ್ಯಾಸ, ನಿಜವಾದ ವಿದ್ಯಾರ್ಥಿಗಳು ಇನ್ನೂ ಬರಬೇಕಾಗಿದೆ ಎಂದು ಕಾಯುತ್ತ ಕೂರುವುದು ಇನ್ನೊಂದು. ಮರಳಿ ಓದಲು ಬಂದ ಮಹಿಳೆಯನ್ನೇ ಕೇಂದ್ರದಲ್ಲಿಟ್ಟುಕೊಂಡು ವಿಭಾಗದ ವೇಳೆ, ನಿಯಮ ಹಾಗೂ ನೆರವುಗಳನ್ನು ರೂಪಿಸಿದಾಗ ಮಾತ್ರ ಸಮಾನತೆಯ ಮಾತಿಗೂ ವಿದ್ಯಾರ್ಥಿಗಳ ಕೊರತೆಯ ಮಾತಿಗೂ ಉತ್ತರ ದೊರಕೀತು ಎಂಬುದು ಇಲ್ಲಿನ ಪ್ರತಿಪಾದನೆ.

2

ಈ ಮಾತಿನ ಹಿಂದೆ ಒಂದು ಇತಿಹಾಸವಿದೆ. ಕಲಕತ್ತಾ, ಮುಂಬಯಿ ಮತ್ತು ಮದ್ರಾಸು ವಿಶ್ವವಿದ್ಯಾಲಯಗಳು 1857ರಲ್ಲಿ ಸ್ಥಾಪನೆಗೊಂಡವು. ಕಲಕತ್ತಾ ವಿಶ್ವವಿದ್ಯಾಲಯ 1878ರಲ್ಲಿ ಪ್ರವೇಶ ಪರೀಕ್ಷೆಯನ್ನು ಮಹಿಳೆಯರಿಗೆ ತೆರೆಯಿತು; 1883ರಲ್ಲಿ ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಅಲ್ಲಿಂದ ಪದವೀಧರೆಯರಾಗಿ ಹೊರಬಂದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮಹಿಳೆಯರಿಗೆ ಪದವಿ ಕೊಡತೊಡಗಿದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ ಎಂಬುದನ್ನು ನೆನೆದರೆ ಭಾರತದಲ್ಲಿ ಬಾಗಿಲು ಬೇಗನೇ ತೆರೆದಿತ್ತೆಂದು ಹೇಳಬೇಕು. ಹೀಗಿದ್ದೂ 1950-51ರ ಹೊತ್ತಿಗೆ ದೇಶದ ಉನ್ನತ ಶಿಕ್ಷಣದಲ್ಲಿದ್ದ ಮಹಿಳೆಯರ ಪಾಲು ಶೇಕಡಾ ಹನ್ನೊಂದರ ಆಸುಪಾಸಿನಲ್ಲಷ್ಟೇ ಇತ್ತು. ಬಾಗಿಲು ತೆರೆದಿರುವುದೂ ಒಳಗೆ ಬರಲು ಸಾಧ್ಯವಾಗುವುದೂ ಬೇರೆ ಬೇರೆ ಸಂಗತಿಗಳೆಂಬುದಕ್ಕೆ ಈ ಏಳು ದಶಕಗಳೇ ಸಾಕ್ಷಿ.

ಬಾಗಿಲಿನಾಚೆಯ ಅಡ್ಡಿಗಳನ್ನು ಮೊದಲು ಗಂಭೀರವಾಗಿ ಪರಿಗಣಿಸಿದವರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆ ಒಬ್ಬರು. 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ಆರಂಭಿಸಿದ ಅವರು 1916ರಲ್ಲಿ ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಅದೇ ಮುಂದೆ ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸೀ ಮಹಿಳಾ ವಿಶ್ವವಿದ್ಯಾಲಯವೆಂಬ ಹೆಸರು ಪಡೆದು ಮುಂಬಯಿಯಲ್ಲಿ ನೆಲೆಗೊಂಡಿತು. ಉನ್ನತ ಶಿಕ್ಷಣವೆಂದರೆ ಇಂಗ್ಲಿಷ್ ಶಿಕ್ಷಣವೆಂದೇ ನಂಬಲಾಗಿದ್ದ ಕಾಲದಲ್ಲಿ ಮಾತೃಭಾಷೆಯ ಮೂಲಕ ಪದವಿ ಶಿಕ್ಷಣ ಕೊಡುವ ಧೈರ್ಯವನ್ನು ಈ ಸಂಸ್ಥೆ ತೋರಿತು. ಎದುರಿಗಿದ್ದ ವಿದ್ಯಾರ್ಥಿನಿಯ ಸ್ಥಿತಿ ಹೇಗಿದೆ, ಆಕೆಗೆ ಯಾವ ಭಾಷೆ ಬರುತ್ತದೆ ಎಂಬಲ್ಲಿಂದ ಕರ್ವೆಯವರ ಯೋಜನೆ ಆರಂಭವಾಗುತ್ತದೆ. ಆದರ್ಶ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಂಡು ಆತನಿಗೆ ತಕ್ಕಂತೆ ಕಟ್ಟಿದ ವ್ಯವಸ್ಥೆ ಅದಾಗಿರಲಿಲ್ಲ.

ಕರ್ವೆಯವರ ಮಾರ್ಗಕ್ಕೆ ಒಂದು ಮಿತಿಯೂ ಇತ್ತು. ಹೆಣ್ಣಿಗೆ ತಕ್ಕ ಪಠ್ಯವೆಂಬ ಕಲ್ಪನೆ ಗೃಹವಿಜ್ಞಾನದ ಎಲ್ಲೆಯೊಳಗೆ ಆಕೆಯನ್ನು ಕಟ್ಟಿಹಾಕುವ ಅಪಾಯವನ್ನೂ ಹೊತ್ತು ತರುತ್ತದೆ. 1948-49ರ ರಾಧಾಕೃಷ್ಣನ್ ಆಯೋಗದ ವರದಿಯಲ್ಲೂ ಸ್ತ್ರೀಶಿಕ್ಷಣದ ಬಗೆಗಿನ ಉದಾರ ಮಾತುಗಳ ಜೊತೆಯಲ್ಲೇ ಗೃಹಿಣಿಯ ಪಾತ್ರಕ್ಕೆ ಹೊಂದುವ ಶಿಕ್ಷಣದ ಶಿಫಾರಸು ಕಾಣಿಸಿಕೊಳ್ಳುತ್ತದೆ. ಹಂಸಾ ಮೆಹ್ತಾ ಅವರ ಅಧ್ಯಕ್ಷತೆಯ ಸಮಿತಿ 1962ರಲ್ಲಿ ಈ ದೃಷ್ಟಿಯನ್ನು ತಿದ್ದಿ, ಲಿಂಗಭೇದದ ಆಧಾರದಲ್ಲಿ ಪಠ್ಯಕ್ರಮವನ್ನು ಬೇರ್ಪಡಿಸುವುದು ಸಲ್ಲದೆಂದು ಸ್ಪಷ್ಟಪಡಿಸಿತು. ಈ ಎರಡು ಪಾಠಗಳನ್ನು ಕೂಡಿಸಿ ಓದಬೇಕಾಗಿದೆ. ಪಠ್ಯ ಎಲ್ಲರಿಗೂ ಒಂದೇ ಆಗಿರಬೇಕು. ಪಠ್ಯವನ್ನು ತಲುಪಿಸುವ ಏರ್ಪಾಡು ಮಾತ್ರ ಕಲಿಯುವವರ ಬದುಕಿಗೆ ಹೊಂದಿಕೊಂಡಿರಬೇಕು.

3

ಏರ್ಪಾಡನ್ನು ಬದಲಿಸಿಕೊಳ್ಳುವುದು ಹೊರನಾಡ ಕನ್ನಡಿಗರಿಗೆ ಹೊಸದೇನಲ್ಲ. ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಚರಿತ್ರೆಯಲ್ಲಿ ರಾತ್ರಿಶಾಲೆಗಳಿಗೆ ಹಿರಿದಾದ ಸ್ಥಾನವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ಕರಾವಳಿಯ ಹುಡುಗರು ಹಡಗು ಹತ್ತಿ ಮುಂಬಯಿಗೆ ಬಂದರು. ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆಯ ಬಳಿಕ ಪುಸ್ತಕ ಹಿಡಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅವರಿಗಾಗಿ ಶಾಲೆಯ ಹೊತ್ತನ್ನೇ ಬದಲಾಯಿಸಿದವು. ಹಗಲು ಬಿಡುವಿಲ್ಲದವನಿಗೆ ವಿದ್ಯೆಯ ಹಕ್ಕಿಲ್ಲವೆಂದು ಆ ತಲೆಮಾರಿನ ಹಿರಿಯರು ಹೇಳಲಿಲ್ಲ; ದುಡಿಮೆ ಮುಗಿದ ಹೊತ್ತನ್ನೇ ಪಾಠದ ಹೊತ್ತಾಗಿ ಮಾಡಿದರು. ಆ ಶಾಲೆಗಳಲ್ಲಿ ಓದಿದವರು ವಕೀಲರು, ಉದ್ಯಮಿಗಳು, ಲೇಖಕರು, ಸಂಘಟಕರಾಗಿ ಬೆಳೆದರು. ಕನ್ನಡ ವಿಭಾಗಗಳ ಹಿಂದಿನ ಒತ್ತಾಸೆಯಾಗಿ ನಿಂತ ಸಂಘ ಸಂಸ್ಥೆಗಳು ಈ ಪರಂಪರೆಗೆ ಬಹುಮಟ್ಟಿಗೆ ಋಣಿಯಾಗಿವೆ.

ಈ ಉಜ್ವಲ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಅಪರೂಪ. ಹೋಟೆಲಿನ ಕೆಲಸಕ್ಕೆ ಬಂದವರು ಹುಡುಗರು. ಹೆಣ್ಣು ಮುಂಬಯಿಗೆ ಬಂದದ್ದು ಹೆಚ್ಚಾಗಿ ಮದುವೆಯ ಮೂಲಕ, ಎಷ್ಟೋ ವರ್ಷಗಳ ಅನಂತರ. ಆಕೆ ಬರುವ ವೇಳೆಗೆ ಊರಿನ ಶಾಲೆಯಲ್ಲಿ ಎಂಟೋ ಹತ್ತೋ ತರಗತಿ, ಇಲ್ಲವೇ ಪದವಿಯ ಒಂದೆರಡು ವರ್ಷ ಮುಗಿದಿರುತ್ತಿತ್ತು. ಅಲ್ಲಿಗೆ ನಿಂತ ಓದನ್ನು ಮುಂದುವರಿಸಲು ರಾತ್ರಿಶಾಲೆಯಿಂದ ಪ್ರಯೋಜನವಿರಲಿಲ್ಲ, ಏಕೆಂದರೆ ಮನೆಯೊಳಗಿನ ದುಡಿಮೆ ಅತ್ಯಂತ ಬಿರುಸಾಗಿರುವುದು ಸಂಜೆಯ ಹೊತ್ತಿನಲ್ಲೇ. ಹೋಟೆಲಿನ ಹುಡುಗನ ಬಿಡುವು ರಾತ್ರಿಯಾದರೆ ಗೃಹಿಣಿಯ ಬಿಡುವು ಮಧ್ಯಾಹ್ನ ಹನ್ನೊಂದರಿಂದ ಮೂರರ ನಡುವೆ. ಹುಡುಗನ ಬಿಡುವನ್ನು ಗುರುತಿಸಿದ ಸಮಾಜ ಗೃಹಿಣಿಯ ಬಿಡುವನ್ನು ಬಹುಕಾಲ ಗುರುತಿಸಲಿಲ್ಲ.

ಈ ಗುರುತಿಸುವಿಕೆ ಅಸಾಧ್ಯವೇನಲ್ಲ ಎಂಬುದಕ್ಕೆ ಅದೇ ನಗರದಲ್ಲಿ ಒಂದು ನಿದರ್ಶನವಿದೆ. 1992ರ ಮೇ ತಿಂಗಳಲ್ಲಿ ಪಶ್ಚಿಮ ರೈಲ್ವೆಯು ಚರ್ಚ್‌ಗೇಟ್ ಮತ್ತು ಬೊರಿವಲಿಗಳ ನಡುವೆ ಪೂರ್ತಿಯಾಗಿ ಮಹಿಳೆಯರಿಗೆಂದೇ ಮೀಸಲಾದ ಲೋಕಲ್ ರೈಲನ್ನು ಆರಂಭಿಸಿತು. ಕಚೇರಿಗೆ ಹೋಗುವ ಮಹಿಳೆ ಯಾವ ಹೊತ್ತಿಗೆ ಹೊರಡುತ್ತಾಳೆ, ಯಾವ ಹೊತ್ತಿಗೆ ಮನೆ ಸೇರಬೇಕು ಎಂಬುದನ್ನು ಒಂದು ಸಾರಿಗೆ ಸಂಸ್ಥೆ ಲೆಕ್ಕ ಹಾಕಬಲ್ಲುದಾದರೆ ವಿದ್ಯಾಸಂಸ್ಥೆಗೆ ಅದು ಕಷ್ಟವಾಗಬಾರದು. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಕಲೀನಾದ ವಿದ್ಯಾನಗರಿಗೆ ಹೋಗಿ ಬರುವ ವಿದ್ಯಾರ್ಥಿನಿಗೆ ಪ್ರಯಾಣದಲ್ಲೇ ದಿನದ ಮೂರು ತಾಸು ಕಳೆಯುತ್ತದೆ. ವಾರದ ಐದು ದಿನಗಳಲ್ಲಿ ಹರಡಿದ ಎಂಟು ಉಪನ್ಯಾಸಗಳನ್ನು ಎರಡು ಮಧ್ಯಾಹ್ನಗಳಿಗೆ ಒಗ್ಗೂಡಿಸಿದರೆ ಆಕೆಯ ಓದು ಉಳಿಯುತ್ತದೆ; ಒಗ್ಗೂಡಿಸದಿದ್ದರೆ ಮೊದಲ ಸೆಮಿಸ್ಟರಿಗೇ ನಿಲ್ಲುತ್ತದೆ. ವೇಳಾಪಟ್ಟಿಯಂಥ ಶುಷ್ಕ ವಸ್ತುವಿನಲ್ಲಿ ಸಮಾನತೆಯ ಪ್ರಶ್ನೆ ಅಡಗಿರುವುದು ಹೀಗೆ.

4

ಇನ್ನು ಅಂಕಿ ಅಂಶಗಳ ಮಾತು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿಯಂತೆ ದೇಶದ ಉನ್ನತ ಶಿಕ್ಷಣದಲ್ಲಿರುವ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಮಹಿಳೆಯರು. ಆಯಾ ವಯೋಮಾನದ ಜನಸಂಖ್ಯೆಗೆ ಹೋಲಿಸಿದ ದಾಖಲಾತಿಯ ಪ್ರಮಾಣದಲ್ಲಿ ಮಹಿಳೆಯರು 28.5, ಪುರುಷರು 28.3. ಹೆಣ್ಣು ಮಕ್ಕಳು ಈ ಲೆಕ್ಕದಲ್ಲಿ ಗಂಡು ಮಕ್ಕಳನ್ನು ಕೂದಲೆಳೆಯಷ್ಟು ಮೀರಿಸಿದ್ದಾರೆ. ಸ್ನಾತಕೋತ್ತರ ಹಂತದಲ್ಲಿ ಅವರ ಪಾಲು ಅರ್ಧಕ್ಕಿಂತ ಹೆಚ್ಚು. ಇದು ಸಣ್ಣ ಸಾಧನೆಯಲ್ಲ. ಇದರ ಹಿಂದೆ ಸಾವಿತ್ರಿಬಾಯಿ ಫುಲೆಯವರು 1848ರಲ್ಲಿ ಪುಣೆಯಲ್ಲಿ ಹೊತ್ತಿಸಿದ ದೀಪದಿಂದ ಮೊದಲ್ಗೊಂಡು ಅಸಂಖ್ಯ ತಾಯಂದಿರ ಹಟದವರೆಗಿನ ದೀರ್ಘ ಪ್ರಯತ್ನವಿದೆ.

ಆದರೆ ಅದೇ ವರದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಓದಿದಾಗ ಚಿತ್ರ ಬದಲಾಗುತ್ತದೆ. ಪಿಎಚ್.ಡಿ. ಅಧ್ಯಯನಕ್ಕೆ ನೋಂದಾಯಿಸಿದ 2.12 ಲಕ್ಷ ಮಂದಿಯಲ್ಲಿ ಮಹಿಳೆಯರು ಸುಮಾರು 99 ಸಾವಿರ, ಅಂದರೆ ಅರ್ಧಕ್ಕಿಂತ ಕಡಿಮೆ. ಅಧ್ಯಾಪಕರಲ್ಲಿ ಅವರ ಪಾಲು ಶೇಕಡಾ 43ರ ಆಸುಪಾಸು. ಪ್ರಾಧ್ಯಾಪಕ ಹುದ್ದೆಯತ್ತ ಏರಿದಂತೆ ಅದು ಇನ್ನೂ ಕುಗ್ಗುತ್ತದೆ. ಓದುವ ಬೆಂಚಿನಲ್ಲಿ ಬಹುಸಂಖ್ಯಾತರಾದವರು ಪಾಠ ಹೇಳುವ ವೇದಿಕೆಯ ಮೇಲೆ ಅಲ್ಪಸಂಖ್ಯಾತರಾಗುತ್ತಾರೆ.

ಯಾವ ಬೆಂಚು ಎಂಬುದೂ ಮುಖ್ಯ. ತಂತ್ರಜ್ಞಾನದ ಪದವಿ ತರಗತಿಗಳಲ್ಲಿ ಮಹಿಳೆಯರ ಪಾಲು ಮೂರರಲ್ಲೊಂದನ್ನೂ ಮುಟ್ಟಿಲ್ಲ. ಭಾರತೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಹೆಣ್ಣು ಮಕ್ಕಳ ಸಂಖ್ಯೆ ಹತ್ತರಲ್ಲೊಂದಕ್ಕಿಂತಲೂ ಕೆಳಗಿದ್ದಾಗ, 2018ರಲ್ಲಿ ಅವರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಸೃಷ್ಟಿಸಿ ಆ ಪಾಲನ್ನು ಮೊದಲು ಶೇಕಡಾ 14ಕ್ಕೂ 2020ರ ವೇಳೆಗೆ ಶೇಕಡಾ 20ಕ್ಕೂ ಏರಿಸುವ ಗುರಿ ಹಾಕಿಕೊಳ್ಳಲಾಯಿತು. ಬೇಡಿಕೆಯಿರುವ ಸ್ಥಾನಕ್ಕೆ ಹೆಣ್ಣನ್ನು ತರಲು ಸರ್ಕಾರ ವಿಶೇಷ ಕ್ರಮ ಕೈಗೊಳ್ಳಬೇಕಾಯಿತು. ಭಾಷಾ ವಿಭಾಗಗಳಲ್ಲಿ ಅಂಥ ಕ್ರಮವೇ ಇಲ್ಲದೆ ಹೆಣ್ಣು ತುಂಬಿಕೊಂಡಳು. ಇದಕ್ಕೆ ಭಾಷೆಯ ಮೇಲಿನ ಒಲವು ಒಂದು ಕಾರಣವೆಂಬುದು ನಿಜ. ಸಂಪಾದನೆಯ ಭರವಸೆಯಿಲ್ಲದ ವಿದ್ಯೆಯಿಂದ ಗಂಡು ಮಕ್ಕಳನ್ನು ಕುಟುಂಬಗಳು ಹಿಂದೆಗೆದುಕೊಂಡದ್ದೂ ಅಷ್ಟೇ ನಿಜವಾದ ಕಾರಣ. ಮಗನ ಓದು ಹೂಡಿಕೆ, ಸೊಸೆಯ ಓದು ಸಂತೋಷ ಎಂಬ ಎಣಿಕೆಯ ಫಲವಾಗಿ ಹುಟ್ಟಿದ ಬಹುಸಂಖ್ಯೆಯನ್ನು ಸಮಾನತೆಯೆಂದು ಕರೆಯುವಂತಿಲ್ಲ. ಈ ಎಣಿಕೆ ಗಂಡಿಗೂ ಅನ್ಯಾಯ ಮಾಡುತ್ತದೆ. ಸಾಹಿತ್ಯದಲ್ಲಿ ನಿಜವಾದ ಆಸಕ್ತಿಯಿರುವ ಹುಡುಗನೊಬ್ಬ ಕನ್ನಡ ಓದುತ್ತೇನೆಂದು ಮನೆಯಲ್ಲಿ ಹೇಳಲು ಅಳುಕುವ ಸ್ಥಿತಿಯೂ ಇದೇ ಮೂಲದ್ದು.

5

ಮರಳಿ ಬಂದ ವಿದ್ಯಾರ್ಥಿನಿಯ ಓದು ಹವ್ಯಾಸವೆಂಬ ಮಾತನ್ನು ಇಲ್ಲಿಯೇ ಪರಿಶೀಲಿಸಬೇಕು. ಎಂ.ಎ. ಮುಗಿದ ಬಳಿಕ ಆಕೆ ಮುಂದುವರಿಯಲಿಲ್ಲ ಎಂಬುದನ್ನು ಈ ಮಾತಿಗೆ ಆಧಾರವಾಗಿ ಕೊಡಲಾಗುತ್ತದೆ. ಮುಂದುವರಿಯಲು ಆಕೆಗೆ ಇರುವ ದಾರಿಯಾದರೂ ಎಂಥದು? ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನಾ ವೇತನಕ್ಕೆ ವಯೋಮಿತಿ 30 ವರ್ಷ. ಮಹಿಳೆಯರಿಗೆ ಐದು ವರ್ಷಗಳ ಸಡಿಲಿಕೆಯುಂಟು. ಈ ಸಡಿಲಿಕೆ ಸ್ವಾಗತಾರ್ಹವಾದರೂ ಮಕ್ಕಳು ದೊಡ್ಡವರಾದ ಮೇಲೆ, ಮೂವತ್ತೆಂಟನೆಯ ವಯಸ್ಸಿನಲ್ಲಿ ಎಂ.ಎ. ಸೇರಿದವಳಿಗೆ ಅದರಿಂದ ಏನೂ ದಕ್ಕುವುದಿಲ್ಲ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗೆ ಆ ಪರೀಕ್ಷೆಯಲ್ಲಿ ವಯೋಮಿತಿಯಿಲ್ಲ. ಹೀಗಾಗಿ ಆಕೆ ಅರ್ಹತೆ ಗಳಿಸಬಹುದು, ವೇತನವಿಲ್ಲದೆ ಸಂಶೋಧನೆಯನ್ನೂ ಮಾಡಬಹುದು. ಅನಂತರ ಎದುರಾಗುವುದು ವರ್ಷಗಟ್ಟಲೆ ತುಂಬದೆ ಉಳಿದ ಹುದ್ದೆಗಳು ಮತ್ತು ಗಂಟೆ ಲೆಕ್ಕದ ಉಪನ್ಯಾಸ. ಹವ್ಯಾಸವೆಂಬ ಹೆಸರನ್ನು ಆಕೆಯ ಓದಿಗೆ ಹಚ್ಚುವ ಮೊದಲು, ಅದು ಹವ್ಯಾಸವಾಗಿಯೇ ಉಳಿಯುವಂತೆ ಮಾಡಿದ ನಿಯಮಗಳನ್ನು ಗಮನಿಸುವುದು ನ್ಯಾಯ.

ಕನ್ನಡದ ಇತಿಹಾಸವನ್ನು ಬಲ್ಲವರು ಈ ಮಾತನ್ನು ಆಡಲೇಬಾರದು. ಕಾಲೇಜಿನ ಮೆಟ್ಟಿಲು ಹತ್ತುವ ಅವಕಾಶ ಸಿಗದ ನಂಜನಗೂಡು ತಿರುಮಲಾಂಬಾ ಎಳೆಯ ಹರೆಯದಲ್ಲೇ ವಿಧವೆಯಾಗಿ, ತಂದೆಯ ಆಸರೆಯಲ್ಲಿ ಮನೆಯಲ್ಲೇ ಕಲಿತು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿದ ‘ಸರಸ್ವತಿ’ ಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿದರು. ವ್ಯವಸ್ಥೆ ಅಕ್ಕರೆ ತೋರದಿದ್ದಾಗಲೂ ಇಷ್ಟು ಕೆಲಸ ನಡೆಯಿತೆಂದರೆ, ವ್ಯವಸ್ಥೆ ಜೊತೆಗಿದ್ದರೆ ಎಷ್ಟು ನಡೆದೀತು ಎಂಬುದನ್ನು ಊಹಿಸಬಹುದು. ಹೊರನಾಡಿನಲ್ಲಿಯೇ ನೋಡುವುದಾದರೆ ಮುಂಬಯಿಯ ಕನ್ನಡ ಲೇಖಕಿಯರ ಬಳಗವಾದ ‘ಸೃಜನಾ’ ಕಥೆ, ಕವಿತೆ, ಅನುವಾದಗಳಲ್ಲಿ ತೊಡಗಿಕೊಂಡು ಮಹಿಳೆಯರ ಬರವಣಿಗೆಗೆ ವೇದಿಕೆಯೊದಗಿಸಿದೆ.

ನಡುವಯಸ್ಸಿನ ವಿದ್ಯಾರ್ಥಿನಿ ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ವಲಸೆ ಬಂದ ಕುಟುಂಬಗಳ ಒಳಗಿನ ಚರಿತ್ರೆ, ಚಾಳಿನ ಒಂದೇ ಕೋಣೆಯಲ್ಲಿ ತುಳು, ಕೊಂಕಣಿ, ಮರಾಠಿ, ಕನ್ನಡಗಳು ಪಾಲು ಹಂಚಿಕೊಂಡ ಬಗೆ, ಮದುವೆ ಸೀಮಂತಗಳ ಹಾಡುಗಳು ಊರಿನಿಂದ ನಗರಕ್ಕೆ ಬಂದು ಪಡೆದ ಮಾರ್ಪಾಡು, ಮಕ್ಕಳ ಬಾಯಲ್ಲಿ ಕನ್ನಡ ತೆಳುವಾಗುತ್ತ ಹೋದ ಹಂತಗಳು ಆಕೆಗೆ ಅನುಭವದಿಂದ ತಿಳಿದಿರುತ್ತವೆ. ಮುಂಬಯಿ ಕನ್ನಡಿಗರ ಚರಿತ್ರೆಯನ್ನು ರಾತ್ರಿಶಾಲೆ, ಹೋಟೆಲು, ಸಂಘಗಳ ಮೂಲಕ ಬರೆದವರಿದ್ದಾರೆ. ಅಡುಗೆಮನೆಯ ಕಡೆಯಿಂದ, ಮಕ್ಕಳಿಗೆ ಅಕ್ಷರ ಕಲಿಸಿದ ತಾಯಂದಿರ ಕಡೆಯಿಂದ ಅದನ್ನು ಬರೆಯುವ ಕೆಲಸ ಬಹುಪಾಲು ಬಾಕಿಯಿದೆ. ಹೊರನಾಡಿನ ವಿಭಾಗಕ್ಕೆ ಒಳನಾಡಿನ ವಿಭಾಗಗಳಿಗಿಂತ ಭಿನ್ನವಾದ ಸಂಶೋಧನಾ ಕ್ಷೇತ್ರ ಬೇಕೆಂದಾದರೆ ಅದು ಆಕೆಯ ಬಳಿ ಇದೆ.

6

ಮರಳಿ ಬಂದವರ ಬಗ್ಗೆ ಇಷ್ಟು ಹೇಳಿದ ಮೇಲೆ ಬಾರದೆ ಉಳಿದವರನ್ನು ಮರೆಯುವಂತಿಲ್ಲ. ಓದಲು ಮರಳುವುದಕ್ಕೂ ಒಂದಿಷ್ಟು ಆರ್ಥಿಕ ಭದ್ರತೆ ಬೇಕು. ಮುಂಬಯಿ ಪುಣೆಗಳ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಗಳಿಂದ ಬಂದ ಕುಟುಂಬಗಳ ಹೆಣ್ಣು ಮಕ್ಕಳು ಈ ತರಗತಿಗಳಲ್ಲಿ ಕಾಣುವುದು ವಿರಳ. ಅವರ ಮನೆಮಾತು ಕನ್ನಡ, ಹಲವರ ಮೊದಲ ಶಾಲೆ ಮಹಾನಗರಪಾಲಿಕೆಯ ಕನ್ನಡ ಶಾಲೆ. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ಹೆಗಲೇರಿದೊಡನೆ ಅಥವಾ ಕೆಲಸದ ಜಾಗ ಬದಲಾದೊಡನೆ ಅವರ ಓದು ತುಂಡಾಗುತ್ತದೆ. ಹೊರನಾಡಿನಲ್ಲಿ ಕನ್ನಡ ಕ್ಷೀಣಿಸುತ್ತಿದೆ ಎಂದು ಹೇಳುವಾಗ ಮಧ್ಯಮ ವರ್ಗದ ಮನೆಗಳ ಇಂಗ್ಲಿಷ್ ವ್ಯಾಮೋಹವನ್ನು ಮಾತ್ರ ದೂರುವುದು ವಾಡಿಕೆ. ಕನ್ನಡವನ್ನು ಬಿಡದೆ ಆಡುತ್ತಿರುವ ಈ ಮಕ್ಕಳು ಕಾಲೇಜಿನವರೆಗೆ ತಲುಪದಿರುವುದು ವಿಭಾಗಗಳ ಲೆಕ್ಕಕ್ಕೇ ಬಂದಿಲ್ಲ.

ಎರಡನೆಯ ಮತ್ತು ಮೂರನೆಯ ತಲೆಮಾರಿನ ಹೆಣ್ಣು ಮಕ್ಕಳದು ಇನ್ನೊಂದು ಸ್ಥಿತಿ. ಇವರು ಮರಾಠಿ, ತಮಿಳು, ತೆಲುಗು, ಹಿಂದಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಆಡಲೂ ಬರುತ್ತದೆ, ಲಿಪಿ ಬಾರದು. ಪದವಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿರಬೇಕೆಂಬ ನಿಯಮವಿರುವ ಕಡೆ ಇವರು ಹೊಸ್ತಿಲಾಚೆಯೇ ನಿಲ್ಲುತ್ತಾರೆ. ಕರ್ನಾಟಕದ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮನೆಯಲ್ಲೇ ಓದಿ ಕನ್ನಡ ಎಂ.ಎ. ಪಡೆಯುವುದು ಹೊರನಾಡಿನ ಗೃಹಿಣಿಯರಿಗೆ ಹಿಂದೆ ಒಂದು ಅನುಕೂಲವಾದ ದಾರಿಯಾಗಿತ್ತು. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಗಡಿಯಾಚೆ ದೂರಶಿಕ್ಷಣ ಕೇಂದ್ರಗಳನ್ನು ನಡೆಸಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2013ರಲ್ಲಿ ಸ್ಪಷ್ಟಪಡಿಸಿದ ಬಳಿಕ ಆ ದಾರಿ ಕಿರಿದಾಯಿತು. ಆನ್‌ಲೈನ್ ಕ್ರಮದ ಪದವಿಗಳಿಗೆ ಈ ಗಡಿಯ ನಿರ್ಬಂಧ ಅನ್ವಯಿಸುವುದಿಲ್ಲವಾದ್ದರಿಂದ ಹೊಸ ದಾರಿಯೊಂದು ಈಗ ತೆರೆದುಕೊಂಡಿದೆ. ಹೊರನಾಡಿನ ವಿಭಾಗಗಳು ಇದನ್ನು ಸ್ಪರ್ಧೆಯೆಂದು ಭಾವಿಸದೆ, ಆ ಮೂಲಕ ಓದಿದವರನ್ನು ಸಂಶೋಧನೆಗೆ ಬರಮಾಡಿಕೊಳ್ಳುವ ಅವಕಾಶವೆಂದು ತಿಳಿಯುವುದು ಉಚಿತ.

7

ಹಾಗಾದರೆ ಮಾಡಬೇಕಾದುದೇನು? ಎಲ್ಲಕ್ಕೂ ಸರ್ಕಾರದ ಕಡೆ ನೋಡಬೇಕಾಗಿಲ್ಲ. ಹಲವು ಕೆಲಸಗಳು ವಿಭಾಗದ ಕೈಯಲ್ಲೇ ಇವೆ. ವೇಳಾಪಟ್ಟಿಯನ್ನು ಸಿದ್ಧಪಡಿಸುವ ಮೊದಲು ಪ್ರವೇಶ ಪಡೆದವರ ಪ್ರಯಾಣ ಮತ್ತು ಬಿಡುವಿನ ವಿವರಗಳನ್ನು ಕೇಳಿಕೊಳ್ಳುವುದು ಮೊದಲನೆಯದು. ಲಿಪಿಯಿಂದ ಆರಂಭವಾಗಿ ಎಂ.ಎ. ಪ್ರವೇಶದ ಮಟ್ಟಕ್ಕೆ ಒಯ್ಯುವ ಪ್ರಮಾಣಪತ್ರ ಮತ್ತು ಡಿಪ್ಲೊಮಾ ತರಗತಿಗಳನ್ನು ಉಪನಗರಗಳ ಕನ್ನಡ ಸಂಘಗಳ ಕಟ್ಟಡಗಳಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ ನಡೆಸುವುದು ಎರಡನೆಯದು. ಸಂಘಗಳ ಸಭಾಂಗಣಗಳು ಸಂಜೆಯ ಕಾರ್ಯಕ್ರಮಗಳಿಗಾಗಿ ಕಾಯುತ್ತ ಹಗಲೆಲ್ಲ ಬೀಗ ಹಾಕಿಕೊಂಡಿರುತ್ತವೆ.

ಈಗಾಗಲೇ ಇರುವ ನಿಯಮಗಳನ್ನು ವಿದ್ಯಾರ್ಥಿನಿಯರಿಗೆ ತಿಳಿಸುವುದು ಮೂರನೆಯ ಕೆಲಸ. ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ. ಸಂಶೋಧಕಿಯರಿಗೆ ಅವಧಿಯಲ್ಲಿ ಎರಡು ವರ್ಷಗಳ ಹೆಚ್ಚುವರಿ ಸಡಿಲಿಕೆಯೂ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯೂ ಇದೆ. 2021ರಲ್ಲಿ ರೂಪುಗೊಂಡ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ವ್ಯವಸ್ಥೆಯಲ್ಲಿ ಗಳಿಸಿದ ಕ್ರೆಡಿಟ್‌ಗಳು ಏಳು ವರ್ಷಗಳವರೆಗೆ ಮಾನ್ಯವಾಗಿರುತ್ತವೆ. ಒಂದು ವರ್ಷ ಓದಿ, ಅತ್ತೆಯ ಕಾಯಿಲೆಗೋ ಮಗಳ ಬಾಣಂತನಕ್ಕೋ ನಿಲ್ಲಿಸಬೇಕಾದವಳು ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಆದರೆ ಓದು ನಿಲ್ಲಿಸಿದವಳಿಗೆ ಇದನ್ನು ಪತ್ರ ಬರೆದು, ಫೋನು ಮಾಡಿ ತಿಳಿಸುವವರು ಬೇಕು. ಪ್ರವೇಶದ ಸಂಖ್ಯೆಯನ್ನು ಬರೆದಿಡುವ ವಿಭಾಗಗಳು ನಡುವೆ ಬಿಟ್ಟವರ ಹೆಸರುಗಳನ್ನೂ ಕಾರಣಗಳನ್ನೂ ದಾಖಲಿಸಬೇಕು. ಹೊಸ ವಿದ್ಯಾರ್ಥಿಗಳನ್ನು ಹುಡುಕಿ ಅಲೆಯುವ ಮೊದಲು ಕಳೆದ ಹತ್ತು ವರ್ಷಗಳಲ್ಲಿ ಓದು ನಿಲ್ಲಿಸಿದವರ ಪಟ್ಟಿಯನ್ನು ತೆರೆದು ನೋಡುವುದು ಲೇಸು.

ನಾಲ್ಕನೆಯದು ಸಂಶೋಧನಾ ವೇತನ. ಓದು ಅಥವಾ ವೃತ್ತಿಯಲ್ಲಿ ವಿರಾಮವಾದ ಮಹಿಳೆಯರು ಸಂಶೋಧನೆಗೆ ಮರಳಲೆಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲೇ ಮಹಿಳಾ ವಿಜ್ಞಾನಿಗಳ ಯೋಜನೆಯನ್ನು ತಂದಿತು. ನಡುವಯಸ್ಸು ಅಲ್ಲಿ ಅನರ್ಹತೆಯಾಗಲಿಲ್ಲ. ಪ್ರಯೋಗಾಲಯಕ್ಕೆ ಮರಳುವವಳಿಗೆ ಸಲ್ಲುವ ನ್ಯಾಯ ಹಸ್ತಪ್ರತಿಗೂ ಜನಪದ ಸಂಗ್ರಹಕ್ಕೂ ಮರಳುವವಳಿಗೆ ಸಲ್ಲಬೇಕೆಂದು ಭಾಷಾ ವಿಭಾಗಗಳು ಒಟ್ಟಾಗಿ ಕೇಳಬೇಕು. ಆ ಕೋರಿಕೆ ಫಲಿಸುವವರೆಗೆ ಹೊರನಾಡಿನ ಸಂಘ ಸಂಸ್ಥೆಗಳು ಮುಂದೆ ಬರಬಹುದು. ಹಿಂದೆ ರಾತ್ರಿಶಾಲೆಯ ಹುಡುಗನಿಗೆ ಪುಸ್ತಕವನ್ನೂ ಶುಲ್ಕವನ್ನೂ ಕೊಟ್ಟ ಕನ್ನಡಿಗ ಉದ್ಯಮಿಗಳ ಪರಂಪರೆ ಇನ್ನೂ ಬತ್ತಿಲ್ಲ. ವಯೋಮಿತಿಯಿಲ್ಲದ ಎರಡೋ ಮೂರೋ ಸಂಶೋಧನಾ ವೇತನಗಳನ್ನೂ, ವಲಸೆ ಕಾರ್ಮಿಕರ ಹೆಣ್ಣು ಮಕ್ಕಳು ಹತ್ತನೆಯ ತರಗತಿಯಿಂದ ಪದವಿಯವರೆಗೆ ಮುಟ್ಟಲು ಬೇಕಾದ ನೆರವನ್ನೂ ಒದಗಿಸುವುದು ಒಂದು ಸಮ್ಮೇಳನದ ವೆಚ್ಚಕ್ಕಿಂತ ಹೆಚ್ಚಿನದಾಗಲಾರದು.

ಇಂಥ ಏರ್ಪಾಡುಗಳಿಂದ ಗುಣಮಟ್ಟ ಕುಸಿಯುತ್ತದೆಂಬ ಆಕ್ಷೇಪ ಬರಬಹುದು. ಪಂಪನ ಪಠ್ಯವನ್ನಾಗಲಿ ಛಂದಸ್ಸಿನ ಪರೀಕ್ಷೆಯನ್ನಾಗಲಿ ಹಗುರಗೊಳಿಸಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ರಾತ್ರಿಶಾಲೆಯಲ್ಲಿ ಓದಿದವರು ಬರೆದದ್ದು ಹಗಲು ಶಾಲೆಯವರ ಪ್ರಶ್ನೆಪತ್ರಿಕೆಯನ್ನೇ. ಮಹಿಳೆಯರಿಗೆ ಆದ್ಯತೆ ಕೊಟ್ಟರೆ ಗಂಡು ಮಕ್ಕಳು ಇನ್ನಷ್ಟು ದೂರವಾಗುತ್ತಾರೆಂಬ ಅಂಜಿಕೆಗೂ ಆಧಾರವಿಲ್ಲ. ಒಗ್ಗೂಡಿಸಿದ ವೇಳಾಪಟ್ಟಿ, ಕ್ರೆಡಿಟ್ ಉಳಿಸಿಕೊಳ್ಳುವ ಅನುಕೂಲ, ಲಿಪಿಯಿಂದ ಆರಂಭಿಸುವ ತರಗತಿ ಇವೆಲ್ಲ ದುಡಿಯುತ್ತ ಓದಬಯಸುವ ಗಂಡಿಗೂ ಅಷ್ಟೇ ಉಪಯುಕ್ತ.

ವಿಭಾಗಗಳ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳ ಸಂದರ್ಭದಲ್ಲಿ ಪ್ರಕಟವಾಗುವ ಸಂಪುಟಗಳು ಪಿಎಚ್.ಡಿ. ಪದವೀಧರರ ಪಟ್ಟಿಯನ್ನೂ ಪ್ರಕಟಣೆಗಳ ಪಟ್ಟಿಯನ್ನೂ ಅಭಿಮಾನದಿಂದ ಮುದ್ರಿಸುತ್ತವೆ. ಅದು ಸಹಜವೂ ಹೌದು, ಯೋಗ್ಯವೂ ಹೌದು. ಇನ್ನು ಮುಂದಿನ ಸಂಪುಟಗಳಲ್ಲಿ ಮತ್ತೆರಡು ವಿವರಗಳು ಸೇರಲಿ: ಓದು ನಿಂತ ಎಷ್ಟು ವರ್ಷಗಳ ಮೇಲೆ ಎಷ್ಟು ಮಂದಿ ಮಹಿಳೆಯರು ಮರಳಿ ಬಂದರು, ಅವರಲ್ಲಿ ಎಷ್ಟು ಮಂದಿ ಅಧ್ಯಾಪನಕ್ಕೂ ಸಂಶೋಧನೆಗೂ ಮುಂದುವರಿದರು. ಈ ಎರಡು ಸಂಖ್ಯೆಗಳನ್ನು ಪ್ರತಿ ವರ್ಷ ಬರೆದಿಡುವ ವಿಭಾಗ ಹೊರನಾಡಿನಲ್ಲಿ ಕನ್ನಡದ ತರಗತಿಯನ್ನು ಉಳಿಸಿಕೊಳ್ಳುವ ದಾರಿಯನ್ನು ತಾನೇ ಕಂಡುಕೊಳ್ಳಬಲ್ಲುದು.